ಜೂಕನ್ ಕಮರಿಯ ನಾಶವೂ ಕಾನೂನಿನ ಬೇಲಿಯೂ

ಕಳ್ಳನು ಮಾಡುವ ಹಾನಿಗಿಂತ ಕಾವಲುಗಾರನು ಮಾಡುವ ಹಾನಿಯು ದೊಡ್ಡದು. ಕಳ್ಳನು ಒಯ್ದುದನ್ನು ಜನರು ಕಳವೆಂದೇ ಕರೆಯುವರು; ಕಾವಲುಗಾರನೇ ಬಾಗಿಲು ತೆರೆದು ಒಪ್ಪಿಸಿದರೆ ಅದಕ್ಕೆ ವ್ಯವಸ್ಥೆಯೆಂದು ಹೆಸರು ಬರುವುದು. ಆಸ್ಟ್ರೇಲಿಯಾ ಖಂಡದ ಪಶ್ಚಿಮ ಭಾಗದಲ್ಲಿ ಜೂಕನ್ ಎಂಬ ಕಮರಿಯೊಂದಿರುವುದು. ಆ ಕಮರಿಯಲ್ಲಿದ್ದ ಎರಡು ಪುರಾತನ ಗವಿಗಳನ್ನು ೨೦೨೦ನೆಯ ಇಸವಿ ಮೇ ತಿಂಗಳ ೨೪ನೆಯ ತಾರೀಖು ರಿಯೋ ಟಿಂಟೋ ಎಂಬ ಗಣಿ ಕಂಪೆನಿಯವರು ಸಿಡಿಮದ್ದಿಟ್ಟು ಹಾರಿಸಿದರು. ಅವುಗಳಲ್ಲೊಂದರಲ್ಲಿ ಮನುಷ್ಯನು ಸುಮಾರು ೪೬,೦೦೦ ವರ್ಷಗಳ ಹಿಂದೆಯೇ ಕಾಲಿರಿಸಿದ್ದನೆಂಬುದಕ್ಕೆ ಪ್ರಮಾಣವು ದೊರೆತಿದ್ದಿತು. ಆದರೆ ಇದು ಕಾನೂನನ್ನು ಮುರಿದು ನಡೆದ ಕೆಲಸವಲ್ಲ. ಕಾನೂನಿನ ಅಪ್ಪಣೆಯನ್ನು ಕೈಯಲ್ಲಿ ಹಿಡಿದು, ಹಗಲು ಹೊತ್ತಿನಲ್ಲಿ, ಲೆಕ್ಕಾಚಾರವಾಗಿ ನಡೆದ ಕೆಲಸ. ಈ ಒಂದು ಸಂಗತಿಯನ್ನು ವಾಚಕರು ಮನಸ್ಸಿನಲ್ಲಿರಿಸಿಕೊಳ್ಳಬೇಕೆಂದು ನಮ್ಮ ಪ್ರಾರ್ಥನೆ. ಮುಂದೆ ಹೇಳತಕ್ಕ ಮಾತೆಲ್ಲವೂ ಇದರ ಮೇಲೆಯೇ ನಿಂತಿರುವುದು.

ಈ ವಿಷಯವು ಮಾತಿಗೆ ಬಂದಾಗ ವಿದ್ಯಾವಂತರಾದವರೂ ನಾಲ್ಕು ಬಗೆಯ ಸಮಾಧಾನಗಳನ್ನು ಹೇಳುವುದುಂಟು. ಕಂಪೆನಿಗೆ ಸರ್ಕಾರದ ಅನುಮತಿಯಿದ್ದಿತಲ್ಲ ಎಂಬುದೊಂದು. ಗವಿಯೊಳಗಿನ ಪದಾರ್ಥಗಳನ್ನೆಲ್ಲ ಮೊದಲೇ ಹೊರತೆಗೆದು ಜೋಪಾನಮಾಡಿದರಲ್ಲ ಎಂಬುದೊಂದು. ಲೋಕಕ್ಕೆ ಕಬ್ಬಿಣವು ಬೇಡವೇ ಎಂಬುದೊಂದು. ಅಷ್ಟಕ್ಕೂ ಅಲ್ಲಿ ಗುಡಿಯೇ ಗೋಪುರವೇ ಶಾಸನವೇ, ಬರಿಯ ಕಲ್ಲಿನ ಪೊಟರೆಗೆ ಇಷ್ಟು ಗೋಳೇಕೆ ಎಂಬುದು ಮತ್ತೊಂದು. ಈ ನಾಲ್ಕು ಮಾತುಗಳೂ ಮೇಲುನೋಟಕ್ಕೆ ಒಪ್ಪುವಂತೆ ತೋರುವುವು. ಒರೆಗೆ ಹಚ್ಚಿದರೆ ಒಂದೂ ನಿಲ್ಲುವುದಿಲ್ಲ. ಮೊದಲು ಆ ಸ್ಥಳದ ಪರಿಚಯವನ್ನು ಮಾಡಿಕೊಂಡು, ಬಳಿಕ ಇವುಗಳನ್ನು ಒಂದೊಂದಾಗಿ ವಿಚಾರಿಸೋಣ.

ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ಉತ್ತರ ಭಾಗಕ್ಕೆ ಪಿಲ್ಬರಾ ಎಂದು ಹೆಸರು. ಅದು ಕೆಂಪು ನೆಲದ, ಅಲ್ಪ ಮಳೆಯ, ಬಿಸಿಲು ಬೆಂಕಿಯಂತಿರುವ ನಾಡು. ಅಲ್ಲಿಯ ಹ್ಯಾಮರ್ಸ್ಲಿ ಬೆಟ್ಟಗಳ ಸಾಲಿನಲ್ಲಿ ಕಬ್ಬಿಣದ ಅದುರು ಪದರ ಪದರವಾಗಿ ತುಂಬಿಕೊಂಡಿರುವುದು. ಕಬ್ಬಿಣದ ಅದುರನ್ನು ಪರದೇಶಗಳಿಗೆ ಮಾರಬಾರದೆಂದು ಆಸ್ಟ್ರೇಲಿಯಾ ಸರ್ಕಾರದವರು ಹಿಂದೆ ವಿಧಿಸಿದ್ದ ನಿಷೇಧವನ್ನು ೧೯೬೦ರಲ್ಲಿ ಸಡಿಲಿಸಿದರು. ಅಂದಿನಿಂದ ಆ ಬೆಟ್ಟಗಳಿಗೆ ನೆಮ್ಮದಿಯಿಲ್ಲ. ೧೯೬೬ರಲ್ಲಿ ಟಾಮ್ ಪ್ರೈಸ್ ಎಂಬಲ್ಲಿಂದ ಅದುರು ರೈಲುಗಳಲ್ಲಿ ಸಮುದ್ರತೀರಕ್ಕೆ ಹರಿಯತೊಡಗಿತು. ಆ ಊರಿನಿಂದ ಸುಮಾರು ೬೦ ಕಿಲೋಮೀಟರು ದೂರದಲ್ಲಿ, ಬ್ರಾಕ್‌ಮನ್ ೪ ಎಂಬ ಗಣಿಯ ಅಂಚಿನಲ್ಲಿ, ನಾವು ಹೇಳುತ್ತಿರುವ ಕಮರಿಯಿರುವುದು.

ಆ ನೆಲದ ಒಡೆಯರು ಪೂಟು ಕುಂಟಿ ಕುರ್ರಾಮ ಮತ್ತು ಪಿನಿಕುರ ಎಂಬ ಎರಡು ಜನಾಂಗದವರು. ಕಮರಿಗೆ ಬಂದಿರುವ ಹೆಸರು ಅವರ ಪೂರ್ವಿಕನೊಬ್ಬನದು. ಗವಿಗಳ ಬಳಿಯಲ್ಲಿ ಹಾವಿನ ಹೆಡೆಯ ಆಕಾರದ ಒಂದು ನೀರಿನ ಮಡುವಿದ್ದು, ಅದೂ ಅವರಿಗೆ ಪವಿತ್ರವಾದುದು. ನೀರು ಅಪರೂಪವಾದ ಸೀಮೆಯಲ್ಲಿ ನೀರಿನ ಬಳಿಯಲ್ಲಿರುವ ನೆರಳಿನ ಬೆಲೆಯೆಷ್ಟೆಂಬುದನ್ನು ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ವಿವರಿಸಬೇಕಾದುದಿಲ್ಲ. ಬಿಸಿಲಿನಿಂದ ಬಳಲಿ ಬಂದವರು ಅಲ್ಲಿ ಕುಳಿತರು; ಬೆಂಕಿ ಹೊತ್ತಿಸಿದರು; ಕಲ್ಲನ್ನು ಚಕ್ಕೆಯೆಬ್ಬಿಸಿ ಆಯುಧ ಮಾಡಿಕೊಂಡರು; ಬೀಜಗಳನ್ನು ಅರೆದು ಹಿಟ್ಟು ಮಾಡಿಕೊಂಡರು; ಮಕ್ಕಳಿಗೆ ಕಥೆ ಹೇಳಿದರು. ಹೀಗೆ ಸಾವಿರಾರು ತಲೆಮಾರು ಕಳೆಯಿತು.

೨೦೧೪ರಲ್ಲಿ ಪುರಾತತ್ತ್ವಜ್ಞರು ಅಲ್ಲಿ ವಿಸ್ತಾರವಾಗಿ ಅಗೆದು ನೋಡಿದರು. ದೊರೆತ ಪದಾರ್ಥಗಳ ಸಂಖ್ಯೆಯು ೭,೦೦೦ವನ್ನು ಮೀರಿದುದು. ಅರೆಯುವ ಕಲ್ಲುಗಳು ಸಿಕ್ಕಿದುವು. ಕಾಂಗರೂವಿನ ಕಾಲಿನ ಎಲುಬನ್ನು ಮಸೆದು ಚೂಪುಮಾಡಿದ, ಸುಮಾರು ೨೮,೦೦೦ ವರ್ಷಗಳ ಹಿಂದಿನ ಒಂದು ಉಪಕರಣವು ಸಿಕ್ಕಿತು. ಭೂಮಂಡಲವು ಕೊನೆಯ ಹಿಮಯುಗದ ಚಳಿಗೂ ಒಣಹವೆಗೂ ಸಿಕ್ಕಿ, ಆ ಖಂಡದ ಒಳನಾಡು ಮರುಭೂಮಿಯಂತಾಗಿದ್ದ ಕಾಲದಲ್ಲಿಯೂ ಮನುಷ್ಯರು ಈ ಆಸರೆಯನ್ನು ತೊರೆಯಲಿಲ್ಲವೆಂಬುದಕ್ಕೆ ಕುರುಹುಗಳು ಸಿಕ್ಕಿದುವು. ಇಷ್ಟು ದೀರ್ಘಕಾಲದ ಚರಿತ್ರೆಯನ್ನು ಹೀಗೆ ಒಂದರ ಮೇಲೊಂದು ಪದರವಾಗಿ ಇರಿಸಿಕೊಂಡಿರುವ ಸ್ಥಳಗಳು ಲೋಕದಲ್ಲಿ ಬಹಳವಿಲ್ಲ.

ಎಲ್ಲಕ್ಕಿಂತಲೂ ಮನಸ್ಸನ್ನು ಕಲಕುವುದು ಒಂದು ಸಣ್ಣ ವಸ್ತು. ಅದು ಹಲವರ ತಲೆಗೂದಲನ್ನು ಸೇರಿಸಿ ಹೆಣೆದ ನಡುಕಟ್ಟಿನ ತುಂಡು. ಸುಮಾರು ೪,೦೦೦ ವರ್ಷದ್ದು. ಆ ಕೂದಲಿನಲ್ಲಿ ಉಳಿದಿದ್ದ ವಂಶತಂತುವನ್ನು ವಿಜ್ಞಾನಿಗಳು ಪರೀಕ್ಷಿಸಿ, ಅದನ್ನು ಧರಿಸಿದ್ದವರು ಇಂದು ಜೀವಿಸಿರುವ ಅದೇ ಜನರ ನೇರ ಪೂರ್ವಿಕರೆಂದು ಕಂಡುಕೊಂಡರು. ನಾವು ಶ್ರಾದ್ಧದ ದಿನ ಮೂರು ತಲೆಯ ಹೆಸರನ್ನು ಹೇಳಿ ಪಿಂಡವಿಡುವೆವು. ಅದಕ್ಕೆ ಮೇಲಿನ ಹೆಸರನ್ನು ಕೇಳಿದರೆ ನಮ್ಮಲ್ಲಿ ಬಹುಮಂದಿಗೆ ಉತ್ತರ ತೋಚದು. ಈ ಜನರಾದರೋ ನಾಲ್ಕು ಸಾವಿರ ವರ್ಷಗಳ ಹಿಂದಿನ ತಮ್ಮ ಹಿರಿಯರ ಕೂದಲನ್ನು ತಮ್ಮ ಹಿರಿಯರದೆಂದೇ ಬೆರಳಿಟ್ಟು ತೋರಿಸಬಲ್ಲವರಾದರು. ಲೋಕದ ಯಾವ ರಾಜಮನೆತನಕ್ಕೆ ಇಂಥ ವಂಶಾವಳಿಯಿರುವುದು?

ಇಂಥ ಸ್ಥಳದ ನಾಶವು ನಡೆದ ಕ್ರಮವನ್ನು ಈಗ ನೋಡೋಣ. ೨೦೧೩ರಲ್ಲಿ ಕಂಪೆನಿಯು ಅರ್ಜಿ ಹಾಕಿಕೊಂಡಿತು. ರಾಜ್ಯದ ಮಂತ್ರಿಗಳು ಅನುಮತಿ ಕೊಟ್ಟರು. ಅದರ ಮರುವರ್ಷವೇ ಮೇಲೆ ಹೇಳಿದ ಅಗೆತವು ನಡೆದು, ಸ್ಥಳದ ಮಹತ್ತ್ವವು ಬೆಳಕಿಗೆ ಬಂದಿತು. ಅನುಮತಿಯು ಮೊದಲು, ಅರಿವು ಆಮೇಲೆ! ಅರಿವು ಬಂದ ಮೇಲಾದರೂ ಅನುಮತಿಯನ್ನು ಪುನಃ ವಿಚಾರಿಸಿದರೋ? ಇಲ್ಲ. ೨೦೧೮ರಲ್ಲಿ ಪೂರ್ಣ ವರದಿಯು ಕಂಪೆನಿಯ ಕೈಸೇರಿದ ಮೇಲೆಯೂ ಯಾರೂ ಅಲುಗಾಡಲಿಲ್ಲ. ೨೦೨೦ರ ಮೇ ತಿಂಗಳಿನಲ್ಲಿ, ಮುಂದೆ ಜುಲೈ ತಿಂಗಳ ತಮ್ಮ ಉತ್ಸವಕ್ಕಾಗಿ ಗವಿಗಳ ದರ್ಶನಕ್ಕೆ ಹೋಗಬೇಕೆಂದು ಮೂಲನಿವಾಸಿಗಳು ಕೇಳಿಕೊಂಡಾಗ, ಬಂಡೆಯಲ್ಲಿ ಕುಳಿಗಳನ್ನು ಕೊರೆದು ಮದ್ದು ತುಂಬಿಯಾಗಿದೆಯೆಂಬ ಸುದ್ದಿಯು ಅವರಿಗೆ ಮೊತ್ತಮೊದಲು ತಿಳಿಯಿತು. ನಿಲ್ಲಿಸಬೇಕೆಂದು ಅವರು ಬೇಡಿದರು. ತುಂಬಿದ ಮದ್ದನ್ನು ತೆಗೆಯುವುದು ಅಪಾಯವೆಂದು ಉತ್ತರ ಬಂದಿತು.

ಈ ಉತ್ತರದ ಬೆಲೆಯು ಮುಂದೆ ನಡೆದ ಪಾರ್ಲಿಮೆಂಟಿನ ವಿಚಾರಣೆಯಲ್ಲಿ ಹೊರಬಿದ್ದಿತು. ಅದೇ ದಿನಗಳಲ್ಲಿ ಕಂಪೆನಿಯವರು ಕೆಲವು ಕುಳಿಗಳಿಂದ ಮದ್ದನ್ನು ತೆಗೆದೇ ಇದ್ದರು. ಯಾವ ಕುಳಿಗಳಿಂದ? ನಾಶಮಾಡುವುದಕ್ಕೆ ತಮಗೆ ಸರ್ಕಾರದ ಅನುಮತಿಯಿಲ್ಲದಿದ್ದ ಬೇರೆ ಸ್ಥಳಗಳ ಬಳಿಯ ಕುಳಿಗಳಿಂದ. ಜೂಕನ್ ಗವಿಗಳ ಬಳಿಯ ಮದ್ದು ಮಾತ್ರ ಇದ್ದಲ್ಲಿಯೇ ಇದ್ದಿತು. ಎಲ್ಲಿ ಕಾನೂನು ಕಚ್ಚುವುದೋ ಅಲ್ಲಿ ಕೈ ಹಿಂದೆಗೆಯಿತು. ಎಲ್ಲಿ ಧರ್ಮವೊಂದೇ ಅಡ್ಡವಿದ್ದಿತೋ ಅಲ್ಲಿ ಮುಂದೆ ನಡೆಯಿತು. ಮೂಲನಿವಾಸಿಗಳು ನ್ಯಾಯಸ್ಥಾನದಿಂದ ತಡೆಯಾಜ್ಞೆ ತಂದರೆ ಎದುರಿಸುವುದಕ್ಕಾಗಿ ವಕೀಲರನ್ನೂ ಗೊತ್ತುಮಾಡಿಕೊಂಡಿದ್ದರೆಂಬುದು ಅಲ್ಲಿಯೇ ತಿಳಿದುಬಂದಿತು. ಆ ದೇಶದಲ್ಲಿ ಪ್ರತಿವರ್ಷವೂ ಮೇ ೨೭ರಿಂದ ಜೂನ್ ೩ರವರೆಗೆ ಮೂಲನಿವಾಸಿಗಳೊಡನೆ ಸೌಹಾರ್ದವನ್ನು ಬೆಳೆಸುವ ಸಪ್ತಾಹವನ್ನು ಆಚರಿಸುವರು. ಸಪ್ತಾಹಕ್ಕೆ ಮೂರು ದಿನವಿರುವಾಗ ಗವಿಗಳು ನೆಲಸಮವಾದುವು.

ಈಗ ಮೊದಲನೆಯ ಸಮಾಧಾನಕ್ಕೆ ಬರೋಣ. ಅನುಮತಿಯಿದ್ದಿತೆಂಬುದು ನಿಜ. ಆದರೆ ಅನುಮತಿ ಕೊಟ್ಟ ಕಾಯಿದೆಯು ಎಂಥದು? ಅದು ೧೯೭೨ರ ಮೂಲನಿವಾಸಿಗಳ ಪರಂಪರೆಯ ಕಾಯಿದೆ. ಅಂಥ ಸ್ಥಳಗಳನ್ನು ಕಾಪಾಡುವುದಕ್ಕೆಂದೇ ಹುಟ್ಟಿದ ಕಾಯಿದೆ. ಅದರ ೧೭ನೆಯ ಕಲಮು ಇಂಥ ಸ್ಥಳವನ್ನು ಕೆಡಿಸುವುದು ಅಪರಾಧವೆನ್ನುವುದು. ೧೮ನೆಯ ಕಲಮಾದರೋ, ಮಂತ್ರಿಗಳು ಒಪ್ಪಿದರೆ ಕೆಡಿಸಬಹುದೆನ್ನುವುದು. ಗಣಿಯ ಗುತ್ತಿಗೆಯನ್ನು ಪಡೆದವನಿಗೆ ಅರ್ಜಿ ಹಾಕುವ ಹಕ್ಕಿದ್ದಿತು. ಮಂತ್ರಿಗಳ ತೀರ್ಮಾನವು ಒಪ್ಪಿಗೆಯಾಗದಿದ್ದರೆ ಮೇಲ್ಮನವಿಯ ಹಕ್ಕೂ ಅವನಿಗಿದ್ದಿತು. ಯಾರ ಹಿರಿಯರು ಅಲ್ಲಿ ಬಾಳಿದರೋ ಅವರಿಗೆ ಮೇಲ್ಮನವಿಯ ಹಕ್ಕಿರಲಿಲ್ಲ. ಒಮ್ಮೆ ಕೊಟ್ಟ ಅನುಮತಿಯನ್ನು ಹೊಸ ಸಂಗತಿಗಳು ತಿಳಿದಾಗ ಪುನರ್ವಿಮರ್ಶೆ ಮಾಡಬೇಕೆಂಬ ನಿಬಂಧನೆಯೂ ಇರಲಿಲ್ಲ. ಬೇಲಿಯೇ ಎದ್ದು ಹೊಲವನ್ನು ಮೇಯ್ದಂತೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನವು ದೊರೆಯಲಾರದು.

ಈ ಬೇಲಿಯು ಹೀಗೇಕಾಯಿತೆಂಬುದಕ್ಕೂ ಒಂದು ಚರಿತ್ರೆಯುಂಟು. ಅದೇ ರಾಜ್ಯದ ಉತ್ತರಕ್ಕೆ ನೂಂಕನ್‌ಬಾ ಎಂಬಲ್ಲಿ ಮೂಲನಿವಾಸಿಗಳಿಗೆ ಪವಿತ್ರವಾದ ನೆಲದಲ್ಲಿ ಎಣ್ಣೆಗಾಗಿ ಬಾವಿ ಕೊರೆಯಬೇಕೆಂದು ೧೯೮೦ರಲ್ಲಿ ಕಂಪೆನಿಯೊಂದು ಬಂದಿತು. ಜನರು ಅಡ್ಡಗಟ್ಟಿ ನಿಂತರು. ಸರ್ಕಾರವು ಪೋಲೀಸರ ಕಾವಲಿನಲ್ಲಿ ಲಾರಿಗಳ ಸಾಲನ್ನೇ ಕಳುಹಿಸಿ ಬಾವಿಯನ್ನು ಕೊರೆಯಿಸಿತು. ಲಾಭಕ್ಕೆ ಬರುವಷ್ಟು ಎಣ್ಣೆಯು ಅಲ್ಲಿ ಸಿಕ್ಕಲಿಲ್ಲ. ಸಿಕ್ಕಿದುದು ಕಾಯಿದೆಗೆ ಒಂದು ತಿದ್ದುಪಡಿ. ವಸ್ತುಸಂಗ್ರಹಶಾಲೆಯ ಧರ್ಮದರ್ಶಿಗಳ ಕೈಯಲ್ಲಿದ್ದ ಅಧಿಕಾರವನ್ನು ಅದೇ ೧೯೮೦ರಲ್ಲಿ ಮಂತ್ರಿಗಳ ಕೈಗೆ ವರ್ಗಾಯಿಸಿದರು. ಅಂದು ಮುರಿದ ಬೇಲಿಯ ಕಂಡಿಯಿಂದಲೇ ನಲವತ್ತು ವರ್ಷಗಳ ಬಳಿಕ ಜೂಕನ್ ಕಮರಿಗೆ ಸಿಡಿಮದ್ದು ನುಗ್ಗಿತು.

ಇದರ ಬೇರು ಇನ್ನೂ ಆಳದಲ್ಲಿರುವುದು. ೧೭೮೮ರಲ್ಲಿ ಆಂಗ್ಲರು ಆ ಖಂಡದಲ್ಲಿ ನೆಲೆಯೂರಿದಾಗ, ಆ ಭೂಮಿಯು ಯಾರದೂ ಅಲ್ಲದ ಭೂಮಿಯೆಂಬ ಭಾವನೆಯಿಂದಲೇ ಅವರ ಕಾನೂನು ನಡೆಯಿತು. ಲಕ್ಷಾಂತರ ಜನರು ಕಣ್ಣ ಮುಂದೆ ಓಡಾಡುತ್ತಿದ್ದರೂ ಅವರು ಒಡೆಯರೆಂದು ಆ ಕಾನೂನಿಗೆ ತೋರಲಿಲ್ಲ. ಈ ಸುಳ್ಳನ್ನು ಆ ದೇಶದ ಶ್ರೇಷ್ಠ ನ್ಯಾಯಸ್ಥಾನವು ಮಾಬೋ ಮೊಕದ್ದಮೆಯಲ್ಲಿ ೧೯೯೨ರ ಜೂನ್ ೩ರಂದು ತಳ್ಳಿಹಾಕಿತು. ಮರುವರ್ಷ ಮೂಲನಿವಾಸಿಗಳ ಭೂಮಿಯ ಹಕ್ಕಿಗೆ ಕಾಯಿದೆಯೂ ಬಂದಿತು. ಜೂಕನ್ ಕಮರಿಯ ಜನರ ಹಕ್ಕನ್ನು ನ್ಯಾಯಸ್ಥಾನವು ಒಪ್ಪಿ ತೀರ್ಪಿತ್ತುದು ೨೦೧೫ರಲ್ಲಿ. ಆ ವೇಳೆಗೆ ಗವಿಗಳ ಮರಣಶಾಸನಕ್ಕೆ ರುಜು ಬಿದ್ದು ಎರಡು ವರ್ಷವಾಗಿದ್ದಿತು. ಒಡೆಯರೆಂದು ತೀರ್ಪು ಬಂದಿತು. ಬೇಡವೆನ್ನುವ ಅಧಿಕಾರವು ಮಾತ್ರ ಬರಲಿಲ್ಲ. ಬೇಡವೆನ್ನಲಾರದ ಒಡೆತನವು ಎಂಥ ಒಡೆತನ?

ಇಲ್ಲಿ ಒಬ್ಬರು ಅಡ್ಡಹಾಯ್ದು, ಆ ಜನರೇ ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡಿದ್ದರಲ್ಲವೆ ಎಂದು ಕೇಳಬಹುದು. ಮಾಡಿಕೊಂಡಿದ್ದರು. ಆದರೆ ಗಣಿಯು ಬರುವುದೋ ಬಾರದೋ ಎಂಬುದು ಅವರ ಕೈಯಲ್ಲಿರಲಿಲ್ಲ. ಬಂದೇ ಬರುವ ಗಣಿಯಿಂದ ಏನಾದರೂ ದೊರೆಯುವುದೋ ಏನೂ ದೊರೆಯದೋ ಎಂಬಷ್ಟೇ ಆಯ್ಕೆ. ಇಂಥ ಒಪ್ಪಂದಗಳಲ್ಲಿ ಕಂಪೆನಿಯ ಕೆಲಸಕ್ಕೆ ಆಕ್ಷೇಪಣೆ ಮಾಡಕೂಡದು, ವಿಷಯವನ್ನು ಹೊರಗೆ ಆಡಕೂಡದು ಎಂಬ ಷರತ್ತುಗಳಿರುವುದನ್ನು ಪಾರ್ಲಿಮೆಂಟಿನ ಸಮಿತಿಯೇ ಎತ್ತಿ ತೋರಿಸಿ ಖಂಡಿಸಿರುವುದು. ಬಾಯಿಗೆ ಬಟ್ಟೆ ಕಟ್ಟಿದ ಮೇಲೆ ಅವನು ಕೂಗಲಿಲ್ಲವೆಂದು ಸಾಕ್ಷಿ ಹೇಳುವುದು ಯಾವ ನ್ಯಾಯ? ಸಮಾನರಾದ ಇಬ್ಬರು ಮಾಡಿಕೊಂಡುದು ಒಪ್ಪಂದ. ಒಬ್ಬನಿಗೆ ಒಲ್ಲೆನೆನ್ನುವ ಶಕ್ತಿಯಿಲ್ಲದಿದ್ದರೆ ಅದು ರಸೀತಿ.

ಎರಡನೆಯ ಸಮಾಧಾನವು, ಪದಾರ್ಥಗಳನ್ನು ಮೊದಲೇ ತೆಗೆದಿರಿಸಿದರೆಂಬುದು. ಇದನ್ನು ಹೇಳುವವರು ಸದುದ್ದೇಶದಿಂದಲೇ ಹೇಳುವರು. ಆದರೆ ಒಬ್ಬರ ಮನೆಯನ್ನು ಕೆಡಹುವ ಮುಂಚೆ ಪಾತ್ರೆಪಡಗಗಳನ್ನು ಹೊರಗಿಟ್ಟು, ಮನೆಯು ಉಳಿಯಿತೆಂದು ಹೇಳಬಹುದೆ? ಗ್ರಂಥದಿಂದ ಕೆಲವು ಹಾಳೆಗಳನ್ನು ಹರಿದಿಟ್ಟುಕೊಂಡು ಉಳಿದುದನ್ನು ಸುಟ್ಟರೆ ಗ್ರಂಥವು ಉಳಿಯುವುದೆ? ಪುರಾತತ್ತ್ವಶಾಸ್ತ್ರವನ್ನು ಬಲ್ಲವರು, ಅಗೆದು ತೆಗೆದ ವಸ್ತುವಿಗಿಂತ ಅದು ದೊರೆತ ಪದರವೂ ನೆರೆಯೂ ಮುಖ್ಯವೆಂದು ಹೇಳುವರು. ಮುಂದಿನ ತಲೆಮಾರಿನ ವಿದ್ವಾಂಸರು ಇನ್ನೂ ಸೂಕ್ಷ್ಮವಾದ ಸಾಧನಗಳೊಡನೆ ಬರುವರೆಂದು ನೆಲದ ಒಂದಿಷ್ಟು ಭಾಗವನ್ನು ಮುಟ್ಟದೆ ಬಿಡುವುದೇ ಅವರ ಸಂಪ್ರದಾಯ. ಇದು ವಿದ್ವಾಂಸರ ಮಾತಾಯಿತು. ಆ ಜನರಿಗಾದರೋ ಸ್ಥಳವೆಂಬುದು ವಸ್ತುಗಳನ್ನಿಡುವ ಪೆಟ್ಟಿಗೆಯಲ್ಲ. ಹಿರಿಯರ ಚೇತನವು ನೆಲದಲ್ಲಿಯೇ ನೆಲೆಸಿರುವುದೆಂದು ಅವರ ನಂಬಿಕೆ. ಆ ನೆಲವನ್ನು ನೋಡಿಕೊಳ್ಳುವುದು ಅವರಿಗೆ ಹಕ್ಕಲ್ಲ, ಹೊಣೆ. ಲಿಪಿಯಿಲ್ಲದ ಜನರಿಗೆ ಬೆಟ್ಟವೇ ಹಾಳೆ, ಮಡುವೇ ಅಕ್ಷರ, ದಾರಿಯೇ ವಾಕ್ಯ. ಅಲ್ಲಿಗೆ ಮಕ್ಕಳನ್ನು ಕರೆದೊಯ್ದು ನಿಲ್ಲಿಸಿ ಹೇಳಿದರೆ ಮಾತ್ರ ಕಥೆಯು ಕಥೆಯಾಗುವುದು. ಕಪಾಟಿನಲ್ಲಿಟ್ಟ ಕಲ್ಲಿನ ಚಕ್ಕೆಗಳು ಈ ಕೆಲಸವನ್ನು ಮಾಡಲಾರವು.

ಮೂರನೆಯದು ಕಬ್ಬಿಣದ ಮಾತು. ಲೋಕಕ್ಕೆ ಕಬ್ಬಿಣವು ಬೇಕು. ಈ ಪತ್ರಿಕೆಯನ್ನು ಅಚ್ಚುಮಾಡುವ ಯಂತ್ರವೂ ಕಬ್ಬಿಣದ್ದೇ. ಗಣಿಗಳನ್ನೆಲ್ಲ ಮುಚ್ಚಿಬಿಡಿರೆಂದು ನಾವು ಹೇಳುವವರಲ್ಲ. ಆ ಮೂಲನಿವಾಸಿಗಳೂ ಹಾಗೆ ಹೇಳಿದವರಲ್ಲ. ಆದರೆ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಗಣಿಯನ್ನು ವಿಸ್ತರಿಸುವುದಕ್ಕೆ ಕಂಪೆನಿಯ ಮುಂದೆ ನಾಲ್ಕು ನಕ್ಷೆಗಳಿದ್ದುವು. ಅವುಗಳಲ್ಲಿ ಮೂರರಿಂದ ಗವಿಗಳಿಗೆ ಬಾಧೆಯಿರಲಿಲ್ಲ. ನಾಲ್ಕನೆಯದನ್ನು ಆರಿಸಿಕೊಂಡುದು ೮೦ ಲಕ್ಷ ಟನ್ನು ಹೆಚ್ಚಿನ ಅದುರಿಗಾಗಿ. ಅದರ ಬೆಲೆಯು ಸುಮಾರು ೧೩ ಕೋಟಿ ೫೦ ಲಕ್ಷ ಆಸ್ಟ್ರೇಲಿಯಾ ಡಾಲರು. ಕೇಳುವುದಕ್ಕೆ ದೊಡ್ಡ ಮೊತ್ತವೇ. ಆದರೆ ಅದೇ ೨೦೨೦ರಲ್ಲಿ ಕಂಪೆನಿಯು ಪಿಲ್ಬರಾದಿಂದ ಹಡಗಿಗೆ ತುಂಬಿದ ಅದುರು ಸುಮಾರು ೩೩ ಕೋಟಿ ಟನ್ನು. ಭಾಗಿಸಿ ನೋಡಿದರೆ ಈ ೮೦ ಲಕ್ಷ ಟನ್ನು ಒಂಬತ್ತು ದಿನಗಳ ಸರಕು. ೪೬,೦೦೦ ವರ್ಷಗಳನ್ನು ಒಂದು ತಟ್ಟೆಯಲ್ಲಿಟ್ಟು, ಒಂಬತ್ತು ದಿನಗಳನ್ನು ಮತ್ತೊಂದು ತಟ್ಟೆಯಲ್ಲಿಟ್ಟು, ಒಂಬತ್ತು ದಿನಗಳೇ ಭಾರವಾದುವೆಂದು ತೂಗಿದ ತಕ್ಕಡಿಯು ಪ್ರಗತಿಯ ತಕ್ಕಡಿಯಲ್ಲ. ಲೋಕದ ಹಸಿವಿಗಾಗಿ ಇದನ್ನು ಮಾಡಿದೆವೆನ್ನುವ ಬಾಯಿಗೆ ಆ ಮೂರು ನಕ್ಷೆಗಳೇ ಉತ್ತರ.

ನಾಲ್ಕನೆಯ ಸಮಾಧಾನವು ನಮ್ಮಂಥ ವಿದ್ಯಾವಂತ ಕುಟುಂಬಗಳಿಗೆ ಹೆಚ್ಚಾಗಿ ಅಂಟಿರುವ ದೋಷವಾದುದರಿಂದ ಅದನ್ನು ಕಡೆಗೆ ಉಳಿಸಿಕೊಂಡೆವು. ಗುಡಿಯಿಲ್ಲ, ಶಾಸನವಿಲ್ಲ, ಶಿಲ್ಪವಿಲ್ಲ. ಆದುದರಿಂದ ಅಲ್ಲಿ ಸಂಸ್ಕೃತಿಯಿಲ್ಲ ಎಂಬುದು ಅದರ ತಿರುಳು. ಹಲ್ಮಿಡಿಯ ಶಾಸನವು ಸುಮಾರು ೧,೫೦೦ ವರ್ಷಗಳ ಹಿಂದಿನದೆಂದು ನಾವು ಅಭಿಮಾನಪಡುವೆವು, ಪಡತಕ್ಕದ್ದೇ. ಅಂಥ ಮೂವತ್ತು ಕಾಲಾವಧಿಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಜೂಕನ್ ಗವಿಯಲ್ಲಿ ಮೊದಲ ಬೆಂಕಿ ಹೊತ್ತಿದ ಕಾಲಕ್ಕೆ ಹೋಗಿ ಮುಟ್ಟಬಹುದು. ಸಿಂಧೂತೀರದ ನಗರಗಳೂ ಈಜಿಪ್ಟಿನ ಗೋರಿಗಳೂ ಆ ಅವಧಿಯ ಕೊನೆಯ ಅಲ್ಪ ಪಾಲಿನೊಳಗೇ ಅಡಗುವುವು. ಕಲ್ಲನ್ನು ಕೆತ್ತಿ ದೇವರನ್ನು ಮಾಡಿದವನಿಗೆ ಸಂಸ್ಕೃತಿಯುಂಟು, ಕಲ್ಲನ್ನು ಕೆತ್ತದೆಯೇ ದೇವರೆಂದವನಿಗೆ ಇಲ್ಲ ಎಂಬ ವಿಭಾಗವನ್ನು ಮಾಡಿದವರು ಯಾರು? ನದಿಗೂ ಬೆಟ್ಟಕ್ಕೂ ಮರಕ್ಕೂ ಹುತ್ತಕ್ಕೂ ಕೈಮುಗಿಯುವ ನಾಡಿನಲ್ಲಿ ಹುಟ್ಟಿ, ಕಟ್ಟಡವಿಲ್ಲದೆ ಪಾವಿತ್ರ್ಯವಿಲ್ಲವೆಂದು ಹೇಳುವುದು ನಮಗೆ ಶೋಭಿಸದು. ಪ್ಯಾರಿಸ್ ನಗರದ ಹಳೆಯ ದೇವಾಲಯವೊಂದಕ್ಕೆ ೨೦೧೯ರಲ್ಲಿ ಆಕಸ್ಮಿಕವಾಗಿ ಬೆಂಕಿ ಬಿದ್ದಾಗ ಲೋಕವೆಲ್ಲ ಮರುಗಿತು. ಅದರ ವಯಸ್ಸು ಎಂಟುನೂರು ಚಿಲ್ಲರೆ ವರ್ಷ. ಮರುಗಿದುದು ತಪ್ಪಲ್ಲ, ಮರುಗುವುದಕ್ಕೆ ಗೋಪುರವೇ ಬೇಕೆನ್ನುವುದು ತಪ್ಪು.

ಇನ್ನು ನಾಶವಾದ ಬಳಿಕ ನಡೆದುದನ್ನು ಹೇಳದಿದ್ದರೆ ನ್ಯಾಯವಾಗದು. ಕಂಪೆನಿಯು ಕ್ಷಮೆ ಬೇಡಿತು. ಗವಿಗಳ ಮಹತ್ತ್ವವು ಸ್ಫೋಟವಾದ ಮೇಲೆಯೇ ತಮ್ಮ ಗಮನಕ್ಕೆ ಬಂದಿತೆಂದು ಅದರ ಮುಖ್ಯಾಧಿಕಾರಿಗಳು ವಿಚಾರಣೆಯಲ್ಲಿ ಹೇಳಿದರು. ಮೊದಲು ಬೋನಸ್ಸಿನ ಹಣವನ್ನು ಮುರಿದುಕೊಂಡು ಕೈತೊಳೆದುಕೊಳ್ಳುವ ಪ್ರಯತ್ನವು ನಡೆಯಿತು. ಷೇರುದಾರರೂ ಜನರೂ ಒಪ್ಪದೆ ಹೋದುದರಿಂದ ೨೦೨೦ರ ಸೆಪ್ಟೆಂಬರಿನಲ್ಲಿ ಆ ಮುಖ್ಯಾಧಿಕಾರಿಗಳೂ ಇನ್ನಿಬ್ಬರು ಹಿರಿಯ ಅಧಿಕಾರಿಗಳೂ ಸ್ಥಾನ ಬಿಡುವರೆಂದು ಪ್ರಕಟವಾಯಿತು. ಮರುವರ್ಷದ ಮಾರ್ಚಿಯಲ್ಲಿ ಅಧ್ಯಕ್ಷರೂ ಹೊಣೆಯನ್ನು ಹೊತ್ತು ತಾವು ನಿವೃತ್ತರಾಗುವೆವೆಂದರು. ೨೦೨೨ರ ನವೆಂಬರಿನಲ್ಲಿ ಕಂಪೆನಿಯು ಆ ಜನರೊಡನೆ ಪರಿಹಾರದ ಒಪ್ಪಂದವನ್ನು ಮಾಡಿಕೊಂಡು, ಕಮರಿಯ ಹೆಸರಿನಲ್ಲಿ ಒಂದು ನಿಧಿಗೆ ಹಣ ಕೊಡಲು ಒಪ್ಪಿತು. ಇವು ಸಣ್ಣ ಸಂಗತಿಗಳಲ್ಲ. ಆದರೆ ಅಧಿಕಾರಿಗಳು ಹೋದರೆ ಅಧಿಕಾರಿಗಳು ಬರುವರು. ಗವಿಯು ಹೋದರೆ ಗವಿಯು ಬರುವುದಿಲ್ಲ.

ಪಾರ್ಲಿಮೆಂಟಿನ ಸಮಿತಿಯು ೨೦೨೦ರ ಡಿಸೆಂಬರಿನಲ್ಲಿ ತನ್ನ ಮಧ್ಯಂತರ ವರದಿಯನ್ನು, ಇನ್ನೆಂದೂ ಹೀಗಾಗಕೂಡದು ಎಂಬರ್ಥದ ಹೆಸರಿಟ್ಟು ಪ್ರಕಟಿಸಿತು. ೨೦೨೧ರ ಅಕ್ಟೋಬರಿನಲ್ಲಿ ಪೂರ್ಣ ವರದಿಯನ್ನು ಹೊರತಂದಿತು. ಮೂಲನಿವಾಸಿಗಳಿಗೆ ಎಲ್ಲವನ್ನೂ ಮುಂಚಿತವಾಗಿ ತಿಳಿಸಿ, ಯಾವ ಒತ್ತಾಯವೂ ಇಲ್ಲದೆ ಅವರ ಸಮ್ಮತಿಯನ್ನು ಪಡೆಯಬೇಕೆಂಬುದು ಅದರ ಸಾರ. ಇದೇ ತತ್ತ್ವವನ್ನು ವಿಶ್ವಸಂಸ್ಥೆಯು ೨೦೦೭ರಲ್ಲಿಯೇ ತನ್ನ ಘೋಷಣೆಯಲ್ಲಿ ಸಾರಿದ್ದಿತು. ಅದಕ್ಕೆ ವಿರೋಧವಾಗಿ ಮತ ಕೊಟ್ಟ ನಾಲ್ಕೇ ದೇಶಗಳಲ್ಲಿ ಆಸ್ಟ್ರೇಲಿಯಾ ಒಂದು. ೨೦೦೯ರಲ್ಲಿ ಅದು ಮನಸ್ಸು ಬದಲಾಯಿಸಿ ಬೆಂಬಲವಿತ್ತುದು ನಿಜ. ಆದರೆ ಕೊಟ್ಟ ಮಾತು ಕಾಯಿದೆಯ ಪುಸ್ತಕದೊಳಕ್ಕೆ ಇಳಿಯಲಿಲ್ಲ.

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಯ ಬಾಗಿಲು ಹಾಕಿದರೆಂದು ನಮ್ಮವರು ನಗುವರು. ಪಶ್ಚಿಮ ಆಸ್ಟ್ರೇಲಿಯಾದವರು ಹಾಕಿದ ಬಾಗಿಲನ್ನೂ ಮತ್ತೆ ಕಿತ್ತರು. ೧೯೭೨ರ ಕಾಯಿದೆಗೆ ಬದಲಾಗಿ ೨೦೨೧ರಲ್ಲಿ ಹೊಸ ಕಾಯಿದೆಯೊಂದು ಅಂಗೀಕಾರವಾಗಿ, ೨೦೨೩ರ ಜುಲೈ ೧ರಿಂದ ಜಾರಿಗೆ ಬಂದಿತು. ಅದರಲ್ಲಿಯೂ ಕಡೆಯ ಮಾತು ಮಂತ್ರಿಗಳದೇ ಎಂದು ಮೂಲನಿವಾಸಿಗಳ ಮುಖಂಡರು ಆಕ್ಷೇಪಿಸಿದ್ದರು. ೧,೧೦೦ ಚದರ ಮೀಟರಿಗೆ ಮೀರಿದ ಜಮೀನುಳ್ಳವರೆಲ್ಲರೂ ನಿಯಮಗಳಿಗೆ ಒಳಪಡುವುದೆಂದು ರೈತರೂ ಭೂಮಾಲಿಕರೂ ಗದ್ದಲವೆಬ್ಬಿಸಿದರು. ನಿಯಮಗಳು ತೊಡಕಾಗಿದ್ದುವೆಂಬುದನ್ನು ನಾವೂ ಅಲ್ಲಗಳೆಯುವುದಿಲ್ಲ. ತೊಡಕನ್ನು ಬಿಡಿಸಬೇಕಾಗಿದ್ದಿತು. ಸರ್ಕಾರದವರು ಅದನ್ನು ಬಿಡಿಸಲಿಲ್ಲ. ಒಂದು ತಿಂಗಳು ಕಳೆದು ಕೆಲವೇ ದಿನಗಳಲ್ಲಿ ಇಡೀ ಕಾಯಿದೆಯನ್ನು ರದ್ದುಮಾಡುವೆವೆಂದು ಘೋಷಿಸಿ, ಅದೇ ವರ್ಷದ ನವೆಂಬರಿನಲ್ಲಿ ೧೯೭೨ರ ಕಾಯಿದೆಯನ್ನೇ ಕೆಲವು ತಿದ್ದುಪಡಿಗಳೊಡನೆ ಮರಳಿ ತಂದರು. ಹೊಸ ಸಂಗತಿಯು ತಿಳಿದರೆ ಮಂತ್ರಿಗಳಿಗೆ ತಿಳಿಸಬೇಕೆಂಬುದೂ, ಮೂಲನಿವಾಸಿಗಳಿಗೂ ಪುನರ್ವಿಮರ್ಶೆಯನ್ನು ಕೋರುವ ಹಕ್ಕುಂಟೆಂಬುದೂ ಆ ತಿದ್ದುಪಡಿಗಳಲ್ಲಿ ಸೇರಿರುವುವು. ಇದು ಲಾಭವೇ ಸರಿ. ಆದರೆ ೧೮ನೆಯ ಕಲಮು ಉಳಿಯಿತು. ಕೆಡಿಸುವುದಕ್ಕೆ ಅನುಮತಿಯನ್ನು ಕೊಡುವ ಲೇಖನಿಯೂ ಹಿಂದಿದ್ದ ಕೈಯಲ್ಲಿಯೇ ಉಳಿಯಿತು. ಕಾಡಿನ ಪ್ರಾಣಿಯನ್ನು ಕೊಲ್ಲುವ ಮುನ್ನ ಅದಕ್ಕೆ ತಿಳಿಸಬೇಕೆಂದು ನಿಯಮ ಮಾಡಿದ ಮಾತ್ರಕ್ಕೆ ಬೇಟೆಯು ನಿಲ್ಲುವುದೆ?

ಹಾಗಾದರೆ ಬೇರೆ ದಾರಿಯಿಲ್ಲವೆ? ಇರುವುದು; ಅದನ್ನು ಅದೇ ದೇಶವು ಒಂದು ಕಡೆ ನಡೆದು ತೋರಿಸಿರುವುದು. ಖಂಡದ ನಡುಮಧ್ಯದಲ್ಲಿರುವ ಉಲೂರು ಎಂಬ ಕೆಂಬಂಡೆಯ ಒಡೆತನವನ್ನು ೧೯೮೫ರ ಅಕ್ಟೋಬರ್ ೨೬ರಂದು ಅಲ್ಲಿಯ ಅನಂಗು ಜನರಿಗೆ ಹಿಂದಿರುಗಿಸಿದರು. ಅವರು ಅದನ್ನು ರಾಷ್ಟ್ರೀಯ ಉದ್ಯಾನಕ್ಕಾಗಿ ಸರ್ಕಾರಕ್ಕೆ ೯೯ ವರ್ಷಗಳ ಗುತ್ತಿಗೆಗೆ ಕೊಟ್ಟರು. ಆಡಳಿತ ಮಂಡಲಿಯಲ್ಲಿ ಹೆಚ್ಚಿನ ಸ್ಥಾನಗಳು ಅವರಿಗೇ ದೊರೆತುವು. ಆ ಬಂಡೆಯನ್ನು ಹತ್ತುವುದು ಪ್ರವಾಸಿಗಳಿಗೆ ಬಹುಕಾಲದ ಹವ್ಯಾಸವಾಗಿದ್ದಿತು. ಹತ್ತಬೇಡಿರೆಂದು ಅನಂಗು ಜನರು ವರ್ಷಗಟ್ಟಲೆ ವಿನಯದಿಂದ ಕೇಳಿಕೊಂಡರು. ಕಡೆಗೆ ೨೦೧೭ರಲ್ಲಿ ಮಂಡಲಿಯು ನಿಶ್ಚಯಿಸಿ, ೨೦೧೯ರ ಅಕ್ಟೋಬರ್ ೨೬ರಿಂದ ಹತ್ತುವುದನ್ನು ನಿಲ್ಲಿಸಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಪ್ರವಾಸಿಗಳು ಈಗಲೂ ಹೋಗುವರು. ಕೆಳಗೆ ನಿಂತು ನೋಡಿ ಬರುವರು. ಉಲೂರಿನ ಬಂಡೆಯು ಜೂಕನ್ ಬಂಡೆಗಿಂತ ಗಟ್ಟಿಯಾದುದರಿಂದ ಉಳಿದುದಲ್ಲ. ಅಲ್ಲಿ ಬೇಡವೆಂದ ಮಾತು ನಡೆಯಿತು, ಇಲ್ಲಿ ನಡೆಯಲಿಲ್ಲ. ವ್ಯತ್ಯಾಸವು ಇಷ್ಟೇ, ಮತ್ತು ವ್ಯತ್ಯಾಸವೆಲ್ಲವೂ ಇದೇ.

ಆದುದರಿಂದ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿ ಮುಗಿಸುವೆವು. ಪರಂಪರೆಯ ಸ್ಥಳಗಳ ವಿಷಯದಲ್ಲಿ ಗೌರವ, ಮರುಕ, ಕ್ಷಮಾಪಣೆ, ಸಪ್ತಾಹ, ನಿಧಿ ಇವೆಲ್ಲವೂ ಒಳ್ಳೆಯವೇ. ಆದರೆ ಇವೆಲ್ಲವನ್ನೂ ಕೊಟ್ಟು ಬೇಡವೆನ್ನುವ ಅಧಿಕಾರವೊಂದನ್ನು ಕೊಡದಿದ್ದರೆ ಕೊಟ್ಟುದೆಲ್ಲವೂ ಶೂನ್ಯವೇ. ಕೇಳಿದೆವು ಎಂಬುದು ಒಪ್ಪಿದರು ಎಂಬುದಕ್ಕೆ ಸಮನಲ್ಲ. ಸ್ಥಳವು ಯಾರದೋ ಅವರ ಬಾಯಿಂದ ಆಗಲಿ ಎಂಬ ಮಾತು ಬರುವವರೆಗೆ ಕುಳಿ ಕೊರೆಯಕೂಡದು ಎಂಬ ಒಂದು ವಾಕ್ಯವು ಕಾಯಿದೆಯಲ್ಲಿದ್ದಿದ್ದರೆ ಜೂಕನ್ ಗವಿಗಳು ಇಂದಿಗೂ ನಿಂತಿರುತ್ತಿದ್ದುವು. ಕಂಪೆನಿಯು ಉಳಿದ ಮೂರು ನಕ್ಷೆಗಳಲ್ಲೊಂದನ್ನು ಹಿಡಿದು ತನ್ನ ಕಬ್ಬಿಣವನ್ನು ತೆಗೆಯುತ್ತಲೇ ಇರುತ್ತಿದ್ದಿತು. ಯಾರಿಗೂ ನಷ್ಟವಿರಲಿಲ್ಲ, ಒಂಬತ್ತು ದಿನಗಳ ಸರಕಿನ ಹೊರತು.

ದೂರದ ದೇಶದ ದೂರದ ಜನರ ಮಾತು ನಮಗೇಕೆಂದು ಕೇಳುವ ವಾಚಕರಿಗೆ ನಮ್ಮ ಉತ್ತರವು ಚಿಕ್ಕದು. ಆ ಗವಿಯಲ್ಲಿ ಮೊದಲ ಬೆಂಕಿಯನ್ನು ಹೊತ್ತಿಸಿದ ಕಾಲದಲ್ಲಿ ಈಗ ನಾವು ಹೆಸರಿಟ್ಟು ಕರೆಯುವ ಯಾವ ದೇಶವೂ ಇರಲಿಲ್ಲ, ಯಾವ ಮತವೂ ಇರಲಿಲ್ಲ. ಆ ಬೂದಿಯು ಮನುಷ್ಯಕುಲದ ಒಲೆಯ ಬೂದಿ. ಅದನ್ನು ಸಾವಿರಾರು ತಲೆಮಾರಿನಿಂದ ಜೋಪಾನವಾಗಿ ನೋಡಿಕೊಂಡು ಬಂದವರನ್ನು ಒಂದು ಮಾತೂ ನಡೆಯದಂತೆ ಬದಿಗೆ ಸರಿಸಿ, ಅದನ್ನು ಲಾರಿಗೆ ತುಂಬಿದರು. ಅದೂ ಕಾಪಾಡುವುದಕ್ಕೆಂದು ಮಾಡಿದ ಕಾಯಿದೆಯ ಹೆಸರಿನಲ್ಲಿ. ಬೇಲಿಯನ್ನು ನಂಬಿ ಮಲಗುವ ಹೊಲದೊಡೆಯರು ಎಲ್ಲೆಲ್ಲಿ ಇರುವರೋ ಅಲ್ಲೆಲ್ಲ, ಬೇಲಿಯನ್ನು ಕಟ್ಟಿದವರು ಯಾರು, ಅದರ ಕಂಡಿಯ ಬೀಗದ ಕೈ ಯಾರ ಸೊಂಟದಲ್ಲಿರುವುದು ಎಂದು ಒಮ್ಮೆ ಎದ್ದು ನೋಡುವುದು ಒಳಿತು.